ಸತುವಿನ ತಗಡಿನ ಮೇಲೆ ಸಲೋಮೆ: ಬಿಯರ್ಡ್ಸ್‌ಲಿಯ ಕಪ್ಪು-ಬಿಳುಪು ಚಿತ್ರಗಳ ಪ್ರಕರಣ

1894ರ ಫೆಬ್ರವರಿಯಲ್ಲಿ ಲಂಡನ್ನಿನ ಬಾಡ್ಲಿ ಹೆಡ್ ಪ್ರಕಾಶನದಿಂದ ಆಸ್ಕರ್ ವೈಲ್ಡ್‌ನ ‘ಸಲೋಮೆ’ ನಾಟಕದ ಇಂಗ್ಲಿಷ್ ಅನುವಾದ ಹೊರಬಂತು. ಅದರೊಳಗೆ ಆಬ್ರಿ ಬಿಯರ್ಡ್ಸ್‌ಲಿಯ ಹದಿಮೂರು ಚಿತ್ರಗಳಿದ್ದವು. ಹತ್ತು ಪೂರ್ಣಪುಟದವು, ಶೀರ್ಷಿಕೆ ಪುಟಕ್ಕೊಂದು ಅಂಚು, ಚಿತ್ರಗಳ ಪಟ್ಟಿಗೊಂದು ಅಂಚು, ಪುಸ್ತಕ ಮುಗಿಯುವಲ್ಲಿ ಒಂದು ಪುಟ್ಟ ಚಿತ್ರ. ಬರೆದವನಿಗೆ ಆಗ 21 ವರ್ಷ. ಮುಂದೆ ನಾಲ್ಕೇ ವರ್ಷಕ್ಕೆ, 1898ರ ಮಾರ್ಚ್ 16ರಂದು, ಫ್ರಾನ್ಸಿನ ಮಾಂತೋನ್ ಊರಿನಲ್ಲಿ ಕ್ಷಯ ಅವನನ್ನು ಕೊಂಡೊಯ್ಯಿತು.

ವಿಕ್ಟೋರಿಯಾ ಕಾಲದ ಕೊನೆಯ ಡೆಕಡೆಂಟ್ ಪಂಥ (ನೀತಿಗಿಂತ ಸೌಂದರ್ಯ, ಕೃತಕತೆಗಳೇ ಮೇಲೆಂದ ಕಲಾಪಂಥ) ಎಂದ ಕೂಡಲೇ ಎದುರಿಗೆ ಬಂದು ನಿಲ್ಲುವ ಚಿತ್ರಗಳು ಇವೇ. ಇವುಗಳ ಬಗ್ಗೆ ಮಾತು ಹೆಚ್ಚಾಗಿ ಅಶ್ಲೀಲತೆ, ವೈಲ್ಡ್‌ನ ಬದುಕು, ಆ ಕಾಲದ ಹಗರಣಗಳ ಸುತ್ತಲೇ ತಿರುಗುತ್ತದೆ. ಆದರೆ ಅವನ್ನು ಅಚ್ಚಿಗೆ ತಂದ ಸತುವಿನ ಬ್ಲಾಕನ್ನು, ಅಂದರೆ ಗೆರೆಗಳು ಉಬ್ಬಿ ನಿಂತ ಅಚ್ಚಿನ ತಗಡನ್ನು, ಬಿಟ್ಟು ಮಾತಾಡಿದರೆ ಅರ್ಧವೂ ತಿಳಿಯುವುದಿಲ್ಲ. ಪ್ರಕಾಶಕ ಯಾವುದನ್ನು ತಡೆದ, ಯಾವುದು ಅವನ ಕಣ್ಣು ತಪ್ಪಿಸಿ ಹೋಯಿತು ಎಂಬುದಕ್ಕೂ ಸುಳಿವು ಅಲ್ಲೇ ಇದೆ.

ಕೆಲಸ ಕೈಗೆ ಬಂದ ಬಗೆ

1889ರಲ್ಲಿ ಬಿಯರ್ಡ್ಸ್‌ಲಿ ಲಂಡನ್ನಿನ ಗಾರ್ಡಿಯನ್ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ. 1891ರಲ್ಲಿ ಅಕ್ಕ ಮೇಬಲ್ ಜೊತೆ ಚಿತ್ರಕಾರ ಬರ್ನ್-ಜೋನ್ಸ್ ಮನೆಗೆ ಹೋಗಿ ತನ್ನ ಕೆಲಸ ತೋರಿಸಿದ. ಅವನ ಸಲಹೆಯಂತೆ ವೆಸ್ಟ್‌ಮಿನ್‌ಸ್ಟರ್ ಕಲಾಶಾಲೆಯಲ್ಲಿ ಸುಮಾರು ಒಂದು ವರ್ಷ ಸಂಜೆ ತರಗತಿಗೆ ಹೋದ. ಶಾಲೆಯಲ್ಲಿ ಕಲಿತದ್ದು ಅಷ್ಟೇ. ಅದೇ ವರ್ಷ ಲೇಲಂಡ್ ಎಂಬ ಶ್ರೀಮಂತನ ಮನೆಯಲ್ಲಿ ಚಿತ್ರಕಾರ ವಿಸ್ಲರ್ ಅಲಂಕರಿಸಿದ್ದ ನವಿಲು ಕೋಣೆಯನ್ನು ನೋಡಿದ. ಆ ನವಿಲುಗಳು ಎರಡು ವರ್ಷದ ನಂತರ ಸಲೋಮೆಯ ಲಂಗದ ಮೇಲೆ ಬಂದು ಕೂತವು.

1892ರಲ್ಲಿ ಚೀಪ್‌ಸೈಡ್ ಬಳಿಯ ಪುಸ್ತಕ ವ್ಯಾಪಾರಿ, ಛಾಯಾಗ್ರಾಹಕನೂ ಆಗಿದ್ದ ಫ್ರೆಡರಿಕ್ ಇವಾನ್ಸ್, ಪ್ರಕಾಶಕ ಜೆ.ಎಂ. ಡೆಂಟ್‌ಗೆ ಇವನ ಪರಿಚಯ ಮಾಡಿಸಿದ. ಆರ್ಥರ್ ರಾಜನ ಕಥೆಗಳ ಹಳೆಯ ಗ್ರಂಥವೊಂದಕ್ಕೆ ಚಿತ್ರ, ಅಂಚು, ಅಕ್ಷರಾಲಂಕಾರ ಬೇಕಿತ್ತು. ವಿಲಿಯಂ ಮಾರಿಸ್ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ ಮರದ ಅಚ್ಚಿನಿಂದ ತೆಗೆಯುತ್ತಿದ್ದ ದುಬಾರಿ ಪುಸ್ತಕಗಳ ಸೊಬಗನ್ನು ಲೈನ್ ಬ್ಲಾಕ್ ಎಂಬ ಸತುವಿನ ಅಚ್ಚು ಬಳಸಿ ಅಗ್ಗವಾಗಿ ತರಬೇಕೆಂಬುದು ಡೆಂಟ್‌ನ ಲೆಕ್ಕಾಚಾರ. ಒಪ್ಪಿದ ಹಣ 250 ಪೌಂಡ್, ಕೊನೆಗೆ ಬರೆದದ್ದು ಸುಮಾರು 350 ವಿನ್ಯಾಸ. ಒಂದಕ್ಕೆ 14 ಷಿಲಿಂಗ್ ಚಿಲ್ಲರೆ. ಕೆಲಸ ಬೇಸರ ತರಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಆದರೆ ಸತು ಯಾವ ಗೆರೆಯನ್ನು ಹಿಡಿಯುತ್ತದೆ, ಯಾವುದನ್ನು ಕೊಲ್ಲುತ್ತದೆ ಎಂಬುದು ಕೈಗೆ ಹತ್ತಲು ಅದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುತ್ತಿರಲಿಲ್ಲ. ಆ ಕೆಲಸದ ನಂಬಿಕೆಯ ಮೇಲೆ ವಿಮಾ ಕಚೇರಿಯ ನೌಕರಿ ಬಿಟ್ಟ.

ಇತ್ತ ‘ಸಲೋಮೆ’ಯನ್ನು ವೈಲ್ಡ್ ಫ್ರೆಂಚಿನಲ್ಲಿ ಬರೆದಿದ್ದ. ಹೆರೋದ ರಾಜನ ಮಲಮಗಳು ಸಲೋಮೆ ಪ್ರವಾದಿಯೊಬ್ಬನ ತಲೆಯನ್ನು ಕೇಳಿ ಪಡೆಯುವ ಬೈಬಲ್ ಕಥೆ ಅದು. 1892ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಫ್ರೆಂಚ್ ನಟಿ ಸಾರಾ ಬರ್ನ್‌ಹಾರ್ಟ್ ತಾಲೀಮು ನಡೆಸುತ್ತಿದ್ದಾಗ ನಾಟಕಕ್ಕೆ ಪರವಾನಗಿ ಸಿಗಲಿಲ್ಲ: ಬೈಬಲ್ಲಿನ ಪಾತ್ರಗಳು ರಂಗದ ಮೇಲೆ ಬರಕೂಡದೆಂಬ ಹಳೆಯ ನಿಯಮ ಅಡ್ಡ ಬಂತು. 1893ರ ಫೆಬ್ರವರಿಯಲ್ಲಿ ಫ್ರೆಂಚ್ ಪುಸ್ತಕ ಬಂತು. ಅದನ್ನು ಓದಿದ ಬಿಯರ್ಡ್ಸ್‌ಲಿ ಯಾರೂ ಕೇಳದೆಯೇ ಕೊನೆಯ ದೃಶ್ಯವನ್ನು ಬರೆದ: ಸ್ನಾನಿಕನಾದ ಯೋಹಾನನ ಕಡಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಗೆ ತುಟಿ ತರುತ್ತಿರುವ ಸಲೋಮೆ. ಅದೇ ಏಪ್ರಿಲ್‌ನಲ್ಲಿ ಹೊಸದಾಗಿ ಹೊರಟ ‘ದಿ ಸ್ಟುಡಿಯೋ’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ಜೋಸೆಫ್ ಪೆನೆಲ್ ಬಿಯರ್ಡ್ಸ್‌ಲಿಯ ಬಗ್ಗೆ ಬರೆದ ಮೆಚ್ಚುಗೆಯ ಲೇಖನದ ಜೊತೆಗೆ ಅದು ಅಚ್ಚಾಯಿತು. ಅದರ ಬೆನ್ನಿಗೇ ಬಾಡ್ಲಿ ಹೆಡ್‌ನ ಒಡೆಯರಾದ ಜಾನ್ ಲೇನ್ ಮತ್ತು ಎಲ್ಕಿನ್ ಮ್ಯಾಥ್ಯೂಸ್ ಇಂಗ್ಲಿಷ್ ಆವೃತ್ತಿಯ ಕೆಲಸ ಒಪ್ಪಿಸಿದರು. ಹತ್ತು ಪೂರ್ಣಪುಟಗಳಿಗೆ 50 ಗಿನಿ, ಅಂದರೆ ಚಿತ್ರಕ್ಕೆ 5 ಗಿನಿ, 105 ಷಿಲಿಂಗ್. ಡೆಂಟ್ ಕೊಟ್ಟದ್ದರ ಏಳು ಪಟ್ಟು.

ಬ್ಲಾಕ್ ಆಗುವುದು ಹೇಗೆ, ಕೆಡುವುದು ಎಲ್ಲಿ

ಕನ್ನಡ ಅಚ್ಚುಕೂಟಗಳಲ್ಲಿ ಆಫ್‌ಸೆಟ್ ಬರುವ ತನಕ ‘ಬ್ಲಾಕ್ ಮಾಡಿಸುವುದು’ ಎಂಬ ಮಾತು ದಿನಬಳಕೆಯದಾಗಿತ್ತು. ಫೋಟೋಗೆ ಚುಕ್ಕೆಗಳ ಜಾಲರಿಯಿಂದ ನೆರಳು ತರುವ ಹಾಫ್‌ಟೋನ್ ಬ್ಲಾಕ್, ಗೆರೆಚಿತ್ರಕ್ಕೆ ಲೈನ್ ಬ್ಲಾಕ್. ‘ಸಲೋಮೆ’ಯ ಬ್ಲಾಕುಗಳು ಈ ಎರಡನೆಯ ಜಾತಿಯವು, ಲಂಡನ್ನಿನ ಕಾರ್ಲ್ ಹೆನ್‌ಷೆಲ್ ಕಾರ್ಖಾನೆಯಲ್ಲಿ ಆದವು.

ಅದಕ್ಕೆ ಮುಂಚಿನ ಪದ್ಧತಿಯಲ್ಲಿ ಚಿತ್ರಕಾರನ ಗೆರೆಯನ್ನು ಕೆತ್ತನೆಗಾರ ಗಟ್ಟಿ ಮರದ ತುಂಡಿನಲ್ಲಿ ಉಳಿಯಿಂದ ಬಿಡಿಸುತ್ತಿದ್ದ. ಪುಸ್ತಕದಲ್ಲಿ ಕಾಣುತ್ತಿದ್ದುದು ನಿಜವಾಗಿ ಕೆತ್ತನೆಗಾರನ ಗೆರೆ. ಆ ಕಸುಬಿನ ಅತಿ ದೊಡ್ಡ ಹೆಸರಾದ ಡಾಲ್ಜಿಯೆಲ್ ಸಹೋದರರ ಸಂಸ್ಥೆ ದಿವಾಳಿಯಾದದ್ದೂ 1893ರಲ್ಲೇ. ಲೈನ್ ಬ್ಲಾಕಿನಲ್ಲಿ ಕೆತ್ತನೆಗಾರನ ಜಾಗಕ್ಕೆ ಕ್ಯಾಮೆರಾ ಮತ್ತು ಆಮ್ಲ ಬರುತ್ತವೆ. ಚಿತ್ರಕಾರ ನಿಬ್ಬನ್ನು ಒತ್ತಿದ್ದು, ಸಡಿಲಿಸಿದ್ದು ಎಲ್ಲವೂ ಹಾಗೇ ಉಳಿಯುತ್ತದೆ, ಅವನ ತಪ್ಪೂ ಸೇರಿ.

ಮೊದಲು ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಬೇಕಾದ ಅಳತೆಗೆ ಇಳಿಸಿ, ಕೊಲೋಡಿಯನ್ ಎಂಬ ಅಂಟಿನ ಹಸಿ ಲೇಪವಿರುವ ಗಾಜಿನ ಮೇಲೆ ಫೋಟೋ ತೆಗೆಯುತ್ತಾರೆ. ಈ ಗಾಜು ನೀಲಿಯನ್ನು ಬಿಳಿಯೆಂದೇ ಕಾಣುತ್ತದೆ, ಹಳದಿ-ಕೆಂಪನ್ನು ಕಪ್ಪಾಗಿ ಕಾಣುತ್ತದೆ. ಹಾಗಾಗಿ ನೀಲಿ ಪೆನ್ಸಿಲ್ಲಿನ ಗುರುತು ಇದ್ದರೂ ಚಿಂತೆಯಿಲ್ಲ, ಕಾಗದ ಹಳದಿಗಟ್ಟಿದ್ದರೆ ಮಾತ್ರ ಹಿನ್ನೆಲೆಯೆಲ್ಲ ಮಂಕಾಗುತ್ತದೆ. ತೆಳುವಾದ, ನೀರು ಬೆರೆತ ಶಾಯಿಯ ಗೆರೆ ಬೂದು ಬಣ್ಣಕ್ಕೆ ತಿರುಗಿ ನೆಗೆಟಿವ್‌ನಲ್ಲಿ ಅಲ್ಲಲ್ಲಿ ತುಂಡಾಗುತ್ತದೆ. ಅಳಿಸದೆ ಬಿಟ್ಟ ಸೀಸದಕಡ್ಡಿಯ ಗೆರೆ ಚುಕ್ಕೆ ಚುಕ್ಕೆಯಾಗಿ ಬಿಳಿಯ ಮೇಲೆ ಬಂದು ಕೂರುತ್ತದೆ.

ಇನ್ನು ಸತುವಿನ ತಗಡು. ಅದನ್ನು ಉಜ್ಜಿ ನಯಮಾಡಿ, ಮೊಟ್ಟೆಯ ಬಿಳಿ ಮತ್ತು ಬೈಕ್ರೋಮೇಟ್ ಬೆರೆತ ಲೇಪ ಹಚ್ಚಿ ಒಣಗಿಸಿ, ನೆಗೆಟಿವ್ ಇಟ್ಟು ಬೆಳಕಿಗೆ ಒಡ್ಡುತ್ತಾರೆ. ಬೆಳಕು ಬಿದ್ದ ಕಡೆ, ಅಂದರೆ ಚಿತ್ರದ ಕಪ್ಪು ಇರುವ ಕಡೆ, ಲೇಪ ಗಟ್ಟಿಯಾಗುತ್ತದೆ. ತಗಡಿನ ಮೇಲೆಲ್ಲ ಜಿಡ್ಡು ಮಸಿಯ ರೋಲರ್ ಉರುಳಿಸಿ ನೀರಿನಲ್ಲಿ ತೊಳೆದರೆ ಬೆಳಕು ಬೀಳದ ಕಡೆಯ ಲೇಪ ಮಸಿಯ ಸಮೇತ ಕರಗಿ ಹೋಗಿ, ಚಿತ್ರ ಮಾತ್ರ ಮಸಿಯಲ್ಲಿ ನಿಲ್ಲುತ್ತದೆ. ಅದರ ಮೇಲೆ ರಾಳದ ಪುಡಿ ಚಿಮುಕಿಸಿ ಬಿಸಿ ಮಾಡಿದರೆ ರಾಳ ಕರಗಿ ಗೆರೆಗೆ ಕವಚವಾಗುತ್ತದೆ.

ಆಮೇಲೆ ನೈಟ್ರಿಕ್ ಆಮ್ಲದ ತೊಟ್ಟಿ. ಕಷ್ಟವಿರುವುದೇ ಇಲ್ಲಿ. ಆಮ್ಲ ಕೆಳಗಷ್ಟೇ ಕೊರೆಯುವುದಿಲ್ಲ, ಪಕ್ಕಕ್ಕೂ ಕೊರೆಯುತ್ತದೆ. ಒಂದೇ ಬಾರಿಗೆ ಆಳಕ್ಕೆ ಬಿಟ್ಟರೆ ತೆಳುಗೆರೆಯ ಬುಡವನ್ನೇ ತಿಂದು, ಗೆರೆ ಮೇಲೆ ತೇಲಿದಂತಾಗಿ, ಅಚ್ಚುಯಂತ್ರದ ಒತ್ತಡಕ್ಕೆ ಮುರಿದು ಬೀಳುತ್ತದೆ. ಅದಕ್ಕಾಗಿ ಮೊದಲು ಸೌಮ್ಯ ಆಮ್ಲದಲ್ಲಿ ಸ್ವಲ್ಪವೇ ಕೊರೆದು, ತೊಳೆದು, ಮತ್ತೆ ಮಸಿ-ರಾಳ ಹಾಕಿ ಕಾಯಿಸುತ್ತಾರೆ. ಕರಗಿದ ರಾಳ ಗೆರೆಯ ಪಕ್ಕದ ಗೋಡೆಗೆ ಇಳಿದು ಅದನ್ನು ಕಾಯುತ್ತದೆ. ಮತ್ತೆ ತೊಟ್ಟಿ, ಈ ಸಲ ಆಮ್ಲ ಸ್ವಲ್ಪ ಕಟುವಾಗಿ. ಹೀಗೆ ಮೂರು-ನಾಲ್ಕು ಸುತ್ತು. ದೊಡ್ಡ ಬಿಳಿ ಜಾಗಗಳನ್ನು ಆಮ್ಲಕ್ಕೆ ಬಿಡದೆ ಯಂತ್ರದಿಂದ ಆಳವಾಗಿ ಕೆರೆದು ತೆಗೆಯುತ್ತಾರೆ, ಇಲ್ಲದಿದ್ದರೆ ರೋಲರ್ ತಳಕ್ಕೆ ತಾಗಿ ಬಿಳಿಯಲ್ಲಿ ಕೊಳೆ ಬೀಳುತ್ತದೆ. ಕೊನೆಗೆ ತಗಡನ್ನು ಮರದ ಹಲಗೆಗೆ ಮೊಳೆ ಹೊಡೆದು, ಒಟ್ಟು ಎತ್ತರ 0.918 ಇಂಚು ಬರುವಂತೆ ಮಾಡಿದರೆ ಅಚ್ಚುಮೊಳೆಗಳ ಎತ್ತರಕ್ಕೆ ಸರಿಹೊಂದುತ್ತದೆ.

ಈ ವಿಧಾನಕ್ಕೆ ಬೂದುಬಣ್ಣ ಎಂಬುದೇ ಗೊತ್ತಿಲ್ಲ. ತಗಡಿನ ಮೇಲೆ ಒಂದು ಜಾಗ ಒಂದೋ ಎದ್ದಿರುತ್ತದೆ, ಇಲ್ಲವೇ ತಗ್ಗಿರುತ್ತದೆ. ನೆರಳು ಬೇಕಾದರೆ ಹತ್ತಿರ ಹತ್ತಿರದ ಗೆರೆ ಅಥವಾ ಚುಕ್ಕೆಯಿಂದ ಕಣ್ಣನ್ನು ನಂಬಿಸಬೇಕು. ಆ ಗೆರೆಗಳೂ ಅಳತೆ ಇಳಿಸಿದಾಗ ಒಂದಕ್ಕೊಂದು ಅಂಟುತ್ತವೆ. ಉದಾಹರಣೆಗೆ ಮೂಲದಲ್ಲಿ 0.4 ಮಿಲಿಮೀಟರ್ ಇರುವ ಎಡೆ, ಮುಕ್ಕಾಲಿಗೆ ಇಳಿಸಿದರೆ 0.3 ಆಗುತ್ತದೆ. ಅದರಲ್ಲಿ ಮಸಿ ತುಂಬಿಕೊಂಡರೆ ಜರಿಯ ನೆರಿಗೆ ಬರೀ ಕಪ್ಪು ಕಲೆಯಾಗುತ್ತದೆ. ಆ ಕಾಲದ ಬಹುಪಾಲು ಚಿತ್ರಕಾರರು ಮರದ ಕೆತ್ತನೆಯ ನೆರಳುಗೆರೆಗಳನ್ನೇ ಸತುವಿನಲ್ಲೂ ಬಯಸಿ ಈ ಗುಂಡಿಗೆ ಬೀಳುತ್ತಿದ್ದರು. ಬಿಯರ್ಡ್ಸ್‌ಲಿ ನೆರಳನ್ನೇ ಕೈಬಿಟ್ಟ. ಕಪ್ಪು ಅಂದರೆ ಪೂರ್ತಿ ಕಪ್ಪು, ಬಿಳಿ ಅಂದರೆ ಬರಿಯ ಕಾಗದ, ನಡುವೆ ಕೂದಲೆಳೆಯ ಗೆರೆ. ಜಪಾನಿನ ಮರದಚ್ಚಿನ ಚಿತ್ರಗಳು, ಗ್ರೀಕ್ ಹೂಜಿಗಳು ಅವನಿಗೆ ಧೈರ್ಯ ಕೊಟ್ಟವು ನಿಜ. ಆ ಧೈರ್ಯ ಪುಸ್ತಕದ ಪುಟಕ್ಕೆ ಇಳಿದದ್ದು ಸತುವಿನ ಗುಣ ಅವನಿಗೆ ಗೊತ್ತಿದ್ದರಿಂದ.

ಒಂದೇ ದೃಶ್ಯ, ಎರಡು ಚಿತ್ರ

ಇದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಿಲ್ಲ. ‘ಸ್ಟುಡಿಯೋ’ದಲ್ಲಿ ಬಂದ ಚುಂಬನದ ದೃಶ್ಯವನ್ನೇ ಅವನು ಪುಸ್ತಕಕ್ಕಾಗಿ ಮತ್ತೆ ಬರೆದ, ‘ದಿ ಕ್ಲೈಮ್ಯಾಕ್ಸ್’ ಎಂಬ ಹೆಸರಿನಲ್ಲಿ ಅದು ಹತ್ತು ಪೂರ್ಣಪುಟಗಳ ಕೊನೆಯದು. ಎರಡನ್ನೂ ಪಕ್ಕಪಕ್ಕ ಇಡಿ.

ಮೊದಲನೆಯದರಲ್ಲಿ ಜಾಗವೇ ಖಾಲಿಯಿಲ್ಲ. ಸಲೋಮೆಯ ಸುತ್ತ ಎಳೆ ಎಳೆಯಾಗಿ ಗೆರೆಗಳು ಸುಳಿದಾಡುತ್ತವೆ, ನೆಲದಿಂದೆದ್ದ ಬಳ್ಳಿ ಮತ್ತು ಹೂವಿನ ಸುತ್ತಲೂ ಅದೇ ಜೇಡನೂಲು, ಕೆಳಗೆ ಫ್ರೆಂಚ್ ಮಾತು. ಕಾಗದದ ಮೇಲೆ ಅದು ಅದ್ಭುತವಾಗಿದೆ. ಆದರೆ ಇಷ್ಟೊಂದು ನೂಲುಗೆರೆ ಆಮ್ಲದಲ್ಲಿ ಬದುಕಬೇಕು, ಪಕ್ಕದ ಕಪ್ಪಿಗೆ ಹಾಕಿದ ಮಸಿಯಲ್ಲಿ ಮುಳುಗದೆ ಇರಬೇಕು. ಎರಡನೆಯದರಲ್ಲಿ ಜೇಡನೂಲು ಮಾಯ. ಪುಟವನ್ನು ಒಂದೇ ಬಳುಕು ಗೆರೆ ಕಪ್ಪು-ಬಿಳುಪಾಗಿ ಸೀಳುತ್ತದೆ. ಮೇಲೆ ಮೀನಿನ ಹುರುಪೆಯಂಥ ದುಂಡು ಸಾಲು, ಕೆಳಗೆ ಕಪ್ಪು ಮಡು, ಅದರೊಳಗಿಂದ ಎದ್ದ ನೈದಿಲೆಯಂಥ ಹೂವು. ತಲೆಯಿಂದ ಇಳಿಯುವ ರಕ್ತ ಸಣ್ಣ ರಿಬ್ಬನ್ನಿನ ಹಾಗೆ ಸೀದಾ ಮಡುವಿಗೆ ಬೀಳುತ್ತದೆ. ಸಲೋಮೆ ಯಾವುದರ ಮೇಲೂ ನಿಂತಿಲ್ಲ, ಗಾಳಿಯಲ್ಲಿ ಮಂಡಿಯೂರಿದ್ದಾಳೆ. ಭೀಕರತೆ ಕಡಿಮೆಯಾಗಿಲ್ಲ, ಗದ್ದಲ ಹೋದ ಮೇಲೆ ಆ ಎರಡು ಮುಖಗಳ ನಡುವಿನ ಬೆರಳಗಲದ ಬಿಳಿ ಜಾಗವೇ ಎಲ್ಲವನ್ನೂ ಹೊರುತ್ತದೆ. ಈ ಎರಡನೆಯದೇ ಮೇಲು ಎಂಬುದರಲ್ಲಿ ಅನುಮಾನ ಬೇಡ.

ಅವನು ಬರೆಯುತ್ತಿದ್ದ ರೀತಿಯನ್ನು ಗೆಳೆಯ ರಾಬರ್ಟ್ ರಾಸ್ ವಿವರಿಸಿದ್ದಾನೆ. ಬೇರೆ ಹಾಳೆಯಲ್ಲಿ ಕರಡು ಮಾಡಿ ನಕಲಿಸುವ ಅಭ್ಯಾಸವಿರಲಿಲ್ಲ. ಒಂದೇ ಹಾಳೆಯ ಮೇಲೆ ಸೀಸದಲ್ಲಿ ಗೀಚುವುದು, ಅಳಿಸುವುದು, ಮತ್ತೆ ಗೀಚುವುದು. ಕಾಗದದ ಮೈಯೆಲ್ಲ ಕೆದರಿ ಹೋಗುವಷ್ಟು. ಆ ಗೋಜಲಿನ ಮೇಲೆ ಚಿನ್ನದ ನಿಬ್ಬಿನಿಂದ ಶಾಯಿಯ ಗೆರೆ, ಎಷ್ಟೋ ಸಲ ಸೀಸದ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ಶಾಯಿ ಒಣಗಿದ ಮೇಲೆ ಸೀಸವನ್ನೆಲ್ಲ ಜತನದಿಂದ ಅಳಿಸುವುದು. ಕ್ಯಾಮೆರಾ ಸೀಸದ ಚೂರನ್ನೂ ಬಿಡುವುದಿಲ್ಲ ಎಂಬುದು ನೆನಪಿದ್ದರೆ ಈ ಕೊನೆಯ ಹಂತದ ಜತನ ಅರ್ಥವಾಗುತ್ತದೆ. ಹಗಲಲ್ಲೂ ಪರದೆ ಎಳೆದು ಮೇಣದಬತ್ತಿಯ ಬೆಳಕಲ್ಲಿ ಬರೆಯುತ್ತಿದ್ದನೆಂಬ ಮಾತು ಅವನ ಜೊತೆ ಸದಾ ಅಂಟಿಕೊಂಡಿದೆ. ಚಿತ್ರಗಳ ಮೂಲೆಯಲ್ಲಿ ಸಹಿಯ ಬದಲು ಅವನು ಹಾಕುತ್ತಿದ್ದ, ಮೂರು ಉದ್ದ ಗೆರೆಗಳ ಗುರುತೂ ಮೇಣದಬತ್ತಿಯನ್ನೇ ನೆನಪಿಸುತ್ತದೆ.

ಕೂದಲೆಳೆಯ ಗೆರೆಯ ಮಿತಿ ನೋಡಬೇಕಾದರೆ ‘ನವಿಲು ಲಂಗ’ದ ಚಿತ್ರ. ಹಾರ್ವರ್ಡಿನ ಫಾಗ್ ಸಂಗ್ರಹಾಲಯದಲ್ಲಿರುವ ಮೂಲ ಸುಮಾರು 23 ಸೆಂಟಿಮೀಟರ್ ಎತ್ತರ, 17 ಅಗಲ. ಸಲೋಮೆ ಬಗ್ಗಿ ಸಿರಿಯಾದ ತರುಣನನ್ನು ಮಾತಿಗೆಳೆಯುತ್ತಿದ್ದಾಳೆ. ಅವಳ ಮೇಲಂಗಿ ಒಂದೇ ಉಸಿರಿನಲ್ಲಿ ಎಳೆದಂತೆ ಕೆಳಗಿಳಿದು ಸುರುಳಿಯಾಗುತ್ತದೆ, ಸುರುಳಿಯ ತುಂಬ ನವಿಲುಗಣ್ಣು. ತರುಣನ ತಲೆಗೂದಲು, ಉಡುಗೆಯ ನೆರಿಗೆ ನೋಡಿದರೆ ಹೆಂಗಸೇ ಅನ್ನಬೇಕು. ಗಂಡೆಂದು ಹೇಳುವುದು ನೆರಿಗೆಯ ಕೆಳಗೆ ಕಾಣುವ ರೋಮವಿರುವ ಮಂಡಿ. ಐದಾರು ಚಿಕ್ಕ ಗೀಟುಗಳ ಮಾತು ಅದು. ಬ್ಲಾಕಿನಲ್ಲಿ ಅವು ಅಳಿಸಿಹೋಗಿದ್ದರೆ ಚಿತ್ರದ ಅರ್ಥವೇ ಬದಲಾಗುತ್ತಿತ್ತು.

ಲೇನ್ ಕಂಡದ್ದು, ಕಾಣದ್ದು

ಜಗಳ ಹೊತ್ತಿದ್ದು 1893ರ ನವೆಂಬರ್ ಸುಮಾರಿಗೆ. ಅನುವಾದದ ವಿಚಾರಕ್ಕೇ ಮೊದಲು ಮನಸ್ತಾಪವಿತ್ತು: ಆಪ್ತ ಗೆಳೆಯ ಲಾರ್ಡ್ ಆಲ್ಫ್ರೆಡ್ ಡಗ್ಲಸ್ ಮಾಡಿದ ಅನುವಾದ ವೈಲ್ಡ್‌ಗೆ ಹಿಡಿಸಿರಲಿಲ್ಲ, ತಾನೇ ಮಾಡಿಕೊಡುತ್ತೇನೆಂದು ಬಿಯರ್ಡ್ಸ್‌ಲಿ ಮುಂದೆ ಬಂದಿದ್ದ. ಅದರ ಮೇಲೆ ಚಿತ್ರಗಳ ರಗಳೆ. ಲೇನ್‌ಗೆ ಕಾನೂನಿನ ಭಯವೂ ಇತ್ತು, ಮರ್ಯಾದಸ್ಥ ಗಿರಾಕಿಗಳ ಭಯವೂ ಇತ್ತು. ಆ ವಾರ ತಂತಿ ಮತ್ತು ಓಲೆಕಾರ ಹುಡುಗರು ಬಾಗಿಲಿಗೆ ಬಂದದ್ದಕ್ಕೆ ಲೆಕ್ಕವೇ ಇರಲಿಲ್ಲವೆಂದು ಬಿಯರ್ಡ್ಸ್‌ಲಿ ರಾಸ್‌ಗೆ ಬರೆದ. ಮೂರು ಚಿತ್ರ ಹಿಂದಕ್ಕೆ ಪಡೆದು ಬದಲಿಗೆ ಮೂರು ಹೊಸತು ಕೊಟ್ಟಿದ್ದೇನೆ, ಅವು ಬಲು ಸುಂದರ, ನಾಟಕಕ್ಕೂ ಅವಕ್ಕೂ ಸಂಬಂಧವೇ ಇಲ್ಲ ಎಂಬ ಅರ್ಥದ ಮಾತೂ ಅದೇ ಪತ್ರದಲ್ಲಿದೆ.

ಕೈಬಿಟ್ಟದ್ದು ಯಾವುದು? ಯೋಹಾನನೂ ಸಲೋಮೆಯೂ ಎದುರುಬದುರು ನಿಂತ ಚಿತ್ರ. ಸಲೋಮೆ ಸಿಂಗರಿಸಿಕೊಳ್ಳುವ ಚಿತ್ರದ ಮೊದಲ ರೂಪ. ಅದರಲ್ಲಿ ಬೆತ್ತಲೆ ಪರಿಚಾರಕರಿದ್ದರು. ಉದ್ದನೆಯ ಕೋಲು ಹಿಡಿದು ಬೆನ್ನು ತಿರುಗಿಸಿ ಕೂತ ಹೆಂಗಸಿನ ಚಿತ್ರ. ಮೊದಲನೆಯದರ ಜಾಗಕ್ಕೆ ‘ಕಪ್ಪು ಕೇಪ್’ ಬಂತು. ಪದರ ಪದರವಾದ ಕಪ್ಪು ಹೊದಿಕೆ ತೊಟ್ಟ 1890ರ ದಶಕದ ಫ್ಯಾಶನ್ ಹೆಣ್ಣು. ಹೆರೋದನ ಅರಮನೆಯ ಗಾಳಿಯೂ ಅವಳಿಗೆ ಸೋಕಿಲ್ಲ. ಕಪ್ಪು ತುಂಬುವುದರಲ್ಲಿ ಮಾತ್ರ ಅದನ್ನು ಮೀರಿಸುವ ಪುಟ ಪುಸ್ತಕದಲ್ಲಿ ಬೇರೆ ಇಲ್ಲ. ಸಿಂಗಾರದ ಚಿತ್ರದ ಎರಡನೆಯ ರೂಪದಲ್ಲಿ ಎಲ್ಲರೂ ಬಟ್ಟೆ ತೊಟ್ಟಿದ್ದಾರೆ. ಆದರೆ ಕನ್ನಡಿ ಮೇಜಿನ ಕೆಳಗಿನ ಪುಸ್ತಕಗಳ ಬೆನ್ನಿನ ಮೇಲೆ ಕಣ್ಣು ಹಾಯಿಸಿ: ವೇಶ್ಯೆಯೊಬ್ಬಳ ಕಥೆ ಹೇಳುವ ಜೋಲಾನ ‘ನಾನಾ’ ಇದೆ, ಕಾಮ-ಕ್ರೌರ್ಯದ ಬರಹಗಳಿಗೆ ಕುಖ್ಯಾತನಾದ ಮಾರ್ಕ್ವಿ ದ ಸಾದ್‌ನ ಹೆಸರೂ ಇದೆ. ಬೆತ್ತಲೆಯನ್ನು ತೆಗೆಸಿದವರು ಆ ಬೆನ್ನುಗಳನ್ನು ಓದಲಿಲ್ಲ.

ಶೀರ್ಷಿಕೆ ಪುಟದಲ್ಲಿ ಕೊಂಬಿನ ದೇವತೆಯ ಕಂಬ, ಅದರ ಮುಂದೆ ಮಂಡಿಯೂರಿದ ರೆಕ್ಕೆಯ ಹುಡುಗ. ಇಬ್ಬರ ಗುಪ್ತಾಂಗಗಳನ್ನೂ ತೆಗೆಸಲಾಯಿತು. ಲೈನ್ ಬ್ಲಾಕಿನಲ್ಲಿ ತಿದ್ದುಪಡಿ ಒಂದು ದಿಕ್ಕಿಗೆ ಸುಲಭ: ಎದ್ದಿರುವ ಗೆರೆಯನ್ನು ಉಳಿಯಿಂದ ಕೆರೆದರೆ ಅದು ಅಚ್ಚಾಗುವುದಿಲ್ಲ. ಇಲ್ಲದ ಗೆರೆಯನ್ನು ಸೇರಿಸಬೇಕಾದರೆ ಮೂಲಚಿತ್ರ ತಿದ್ದಿ ಹೊಸ ಬ್ಲಾಕನ್ನೇ ಮಾಡಿಸಬೇಕು.

ಇಲ್ಲದ ಗೆರೆ ಸೇರಿಸಬೇಕಾಗಿ ಬಂದದ್ದು ‘ಹೆರೋದ್ಯಳ ಪ್ರವೇಶ’ದಲ್ಲಿ. ಈ ಚಿತ್ರವನ್ನು ನಿಧಾನವಾಗಿ ನೋಡಬೇಕು. ನಡುವೆ ಎದೆ ತೆರೆದ ಹೆರೋದ್ಯಳು, ಸಲೋಮೆಯ ತಾಯಿ, ಅವಳ ಹಿಂದೆ ಪರದೆ. ಬಲಗಡೆ ಬೆತ್ತಲೆ ಸೇವಕ ಹುಡುಗ, ಕೈಯಲ್ಲಿ ಮುಖವಾಡ ಮತ್ತು ಪೌಡರ್ ಹಚ್ಚುವ ಪಫ್. ಎಡಗಡೆ ಭ್ರೂಣದಂಥ ದೊಡ್ಡ ತಲೆಯ ವಿಕಾರ ಜೀವಿ, ಅವಳ ಮೇಲಂಗಿಯ ಅಂಚನ್ನು ಹಿಡಿದಿದೆ. ಮುಂದೆ, ಕೆಳಮೂಲೆಯಲ್ಲಿ, ಗೂಬೆ ಟೋಪಿಯ ವಿದೂಷಕ. ‘ಸಲೋಮೆ’ ಪುಸ್ತಕ ಇಟ್ಟುಕೊಂಡು, ಆಟ ತೋರಿಸುವವನಂತೆ ಹಿಂದಕ್ಕೆ ಕೈ ಚಾಚಿದ್ದಾನೆ. ಮುಖ ವೈಲ್ಡ್‌ನದು. ಪುಟದ ತಳದಲ್ಲಿ ಉರಿಯುವ ಮೇಣದಬತ್ತಿಗಳು.

ಲೇನ್ ಹೇಳಿದ್ದು ಹುಡುಗನನ್ನು ಮುಚ್ಚಬೇಕೆಂದು. ಬಿಯರ್ಡ್ಸ್‌ಲಿ ಒಂದು ಅಂಜೂರದೆಲೆ ಹಾಕಿ ಕೊಟ್ಟ. ಎಲೆ ಬಿದ್ದ ಮೇಲೆ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಮುಚ್ಚಿದೆ ಎಂಬುದೇ ಸುದ್ದಿಯಾಗುತ್ತದೆ. ಎಡಗಡೆಯ ಜೀವಿಯ ನಿಲುವಂಗಿ ಉಬ್ಬಿರುವ ಬಗೆ, ದೀಪಸ್ತಂಭಗಳ ಆಕಾರ ಹಾಗೇ ಉಳಿದು ಅಚ್ಚಾದವು, ಮತ್ತು ಇಡೀ ಚಿತ್ರದಲ್ಲಿ ನಿಜವಾಗಿ ಕಾಮದ ಕಡೆ ಬೆರಳು ಮಾಡುವ ಭಾಗಗಳು ಅವೇ. ತಿದ್ದುವ ಮೊದಲಿನ ಒಂದು ಪ್ರೂಫಿನ ಮೇಲೆ ಬಿಯರ್ಡ್ಸ್‌ಲಿ ಐದು ಸಾಲಿನ ಚುಟುಕ ಬರೆದ: ಒಬ್ಬ ಬಟ್ಟೆ ಹಾಕಿಲ್ಲವೆಂದು ಈ ಪುಟ್ಟ ಚಿತ್ರ ತಡೆಹಿಡಿಯಲ್ಪಟ್ಟಿತು, ನಿರ್ದಯೆ ನಿಜ, ಹೋಗಲಿ ಬಿಡಿ, ಬಹುಶಃ ಆದದ್ದೆಲ್ಲ ಒಳ್ಳೆಯದಕ್ಕೇ ಎಂಬುದು ಅದರ ತಾತ್ಪರ್ಯ.

ಲೇನ್ ಏಕೆ ಎಡವಿದ ಎಂಬುದಕ್ಕೆ ಉತ್ತರ ಚಿತ್ರದ ಕಟ್ಟಿನಲ್ಲೇ ಇದೆ. ವಿಕ್ಟೋರಿಯಾ ಕಾಲದ ಕಣ್ಣು ಅಶ್ಲೀಲವನ್ನು ಮೈಯಲ್ಲಿ ಹುಡುಕುತ್ತಿತ್ತು: ಬಟ್ಟೆ ಇದೆಯೇ, ಇಲ್ಲವೇ. ನೆರಳು-ಬೆಳಕು ತುಂಬಿ ಮೈಯನ್ನು ದುಂಡಗೆ ಬಿಡಿಸುವ ಚಿತ್ರಕ್ಕೆ ಆ ಪರೀಕ್ಷೆ ಸಾಕು. ಇಲ್ಲಿ ಮೈಗೂ ಪರದೆಗೂ ಮೇಣದಬತ್ತಿಗೂ ಒಂದೇ ದಪ್ಪದ ಗೆರೆ, ಒಂದೇ ಕಪ್ಪು. ಮನುಷ್ಯ ಮುಖ್ಯ, ಅಲಂಕಾರ ಅಮುಖ್ಯ ಎಂಬ ಶ್ರೇಣಿಯೇ ಇಲ್ಲ. ಹಾಗಾಗಿ ಹೇಳಬೇಕಾದ್ದನ್ನು ಅಂಚಿನ ಹೂವಿನಲ್ಲೋ ದೀಪದ ಕಾಲಿನಲ್ಲೋ ಇಡಬಹುದು, ಅಲಂಕಾರವೆಂದು ಬಗೆದು ಕಣ್ಣು ಜಾರಿ ಹೋಗುತ್ತದೆ.

ವೈಲ್ಡ್‌ಗೂ ಚಿತ್ರಗಳು ಒಗ್ಗಲಿಲ್ಲ. ತನ್ನ ನಾಟಕ ಬೈಜಾಂಟಿಯಂನದು, ಇವು ಜಪಾನಿನವು ಎಂದು ಆಕ್ಷೇಪಿಸಿದನೆಂದು ಗೆಳೆಯರು ದಾಖಲಿಸಿದ್ದಾರೆ. ಆಕ್ಷೇಪ ಪೂರ್ತಿ ತಪ್ಪಲ್ಲ. ನಾಟಕದ ಮಾತು ರತ್ನ, ಲೋಹ, ಬಣ್ಣಗಳಿಂದ ಜಡಿದದ್ದು. ಚಿತ್ರದಲ್ಲಿ ಬಣ್ಣವೇ ಇಲ್ಲ. ಜೊತೆಗೆ, ಶೀರ್ಷಿಕೆ ಪುಟದ ಎದುರಿನ ಚಿತ್ರದಲ್ಲಿ ಚಂದ್ರನ ಮುಖವೂ ಅವನದೇ, ಹೆರೋದನ ಮುಖದಲ್ಲೂ ಅವನದೇ ಛಾಯೆ.

ಅಚ್ಚು

ಎಡಿನ್‌ಬರೋದ ಟಿ. ಅಂಡ್ ಎ. ಕಾನ್ಸ್‌ಟಬಲ್ ಮುದ್ರಣಾಲಯ ಪುಸ್ತಕ ಅಚ್ಚು ಮಾಡಿತು. ಸಾಮಾನ್ಯ ಪ್ರತಿ 500, ಬೆಲೆ 15 ಷಿಲಿಂಗ್, ನೀಲಿ ಕ್ಯಾನ್ವಾಸ್ ರಟ್ಟು. ಜಪಾನಿ ವೆಲ್ಲಂ ಕಾಗದದ ದೊಡ್ಡ ಪ್ರತಿ 100, ಬೆಲೆ 30 ಷಿಲಿಂಗ್, ಹಸಿರು ರೇಷ್ಮೆ ರಟ್ಟು.

ಇಂಥ ಬ್ಲಾಕ್ ಅಚ್ಚುಗಾರನಿಗೆ ತಲೆನೋವು. ದೊಡ್ಡ ಕಪ್ಪಿನ ಮೇಲೆ ಯಂತ್ರದ ಒತ್ತಡ ಹರಡಿ ಹೋಗುವುದರಿಂದ ಮಸಿ ಸರಿಯಾಗಿ ಕೂರದೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆ ಉಳಿಯುತ್ತದೆ. ಅದೇ ಒತ್ತಡ ಕೂದಲೆಳೆಯ ಗೆರೆಯ ಮೇಲೆ ಒಟ್ಟುಗೂಡಿ ಕಾಗದವನ್ನು ಕೊಯ್ಯುತ್ತದೆ. ಮಸಿ ಹೆಚ್ಚಿಸಿದರೆ ಕಪ್ಪು ತುಂಬುತ್ತದೆ, ಗೆರೆಗಳ ಎಡೆಯೂ ತುಂಬುತ್ತದೆ. ಇದಕ್ಕೆ ಪರಿಹಾರ ಮೇಕ್‌ರೆಡಿ: ಒಂದು ಪ್ರೂಫ್ ತೆಗೆದು, ಕಪ್ಪು ಭಾಗದ ಹಿಂದೆ ತೆಳುಕಾಗದವನ್ನು ಪದರ ಪದರವಾಗಿ ಅಂಟಿಸಿ ಒತ್ತಡ ಹೆಚ್ಚಿಸುವುದು, ತೆಳುಗೆರೆಯ ಹಿಂದೆ ಪದರ ಕತ್ತರಿಸಿ ತಗ್ಗಿಸುವುದು. ಮತ್ತೆ ಪ್ರೂಫ್, ಮತ್ತೆ ಅಂಟು. ಕಾಗದ ಒರಟಾಗಿದ್ದರೆ ಇಷ್ಟು ಮಾಡಿಯೂ ಕಪ್ಪು ಒಡೆಯುತ್ತದೆ. ನಯವಾದ ಜಪಾನಿ ಕಾಗದದ ಮೇಲೆ ಅದು ಮಖಮಲ್ಲಿನಂತೆ ಕೂರುತ್ತದೆ.

ವಿಮರ್ಶೆ ಕಟುವಾಗಿತ್ತು. ‘ದಿ ಟೈಮ್ಸ್’ ಪತ್ರಿಕೆ ಚಿತ್ರಗಳನ್ನು ಬಹುಪಾಲು ಅರ್ಥವಾಗದವು, ಅರ್ಥವಾದಷ್ಟು ಜುಗುಪ್ಸೆಯವು ಎಂದು ತಳ್ಳಿಹಾಕಿತು. ಅದೇ ಏಪ್ರಿಲ್‌ನಲ್ಲಿ ಲೇನ್‌ನ ‘ಯೆಲ್ಲೋ ಬುಕ್’ ತ್ರೈಮಾಸಿಕ ಹೊರಟಾಗ ಬಿಯರ್ಡ್ಸ್‌ಲಿ ಅದರ ಕಲಾ ಸಂಪಾದಕ. ವೈಲ್ಡ್‌ನನ್ನು ಅದರ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಆದರೂ 1895ರ ಏಪ್ರಿಲ್ 5ರಂದು ಸಲಿಂಗ ಸಂಬಂಧದ ಆರೋಪದ ಮೇಲೆ ವೈಲ್ಡ್‌ನ ಬಂಧನವಾದಾಗ ಅವನ ಕೈಯಲ್ಲಿ ಹಳದಿ ರಟ್ಟಿನ ಫ್ರೆಂಚ್ ಕಾದಂಬರಿಯೊಂದಿತ್ತು. ಜನ ಅದನ್ನೇ ‘ಯೆಲ್ಲೋ ಬುಕ್’ ಎಂದುಕೊಂಡು ವೀಗೋ ಬೀದಿಯ ಬಾಡ್ಲಿ ಹೆಡ್ ಕಚೇರಿಯ ಕಿಟಕಿಗೆ ಕಲ್ಲು ತೂರಿದರು. ಬಿಯರ್ಡ್ಸ್‌ಲಿಯ ಕೆಲಸ ಹೋಯಿತು. ಅವನ ಮೇಲೆ ಆರೋಪವೇನೂ ಇರಲಿಲ್ಲ. ‘ಸಲೋಮೆ’ಯ ಪುಟಗಳಲ್ಲಿ ವೈಲ್ಡ್‌ನ ಹೆಸರಿನ ಜೊತೆ ಅವನ ಹೆಸರು ಸೇರಿಹೋಗಿತ್ತು, ಅಷ್ಟೇ. ಅದು ಅನ್ಯಾಯ.

ಇವತ್ತು ಒಂದು ಪ್ರತಿ ಕೈಗೆ ಬಂದರೆ

ಕೈಬಿಟ್ಟ ಮೂರು ಪೂರ್ಣಪುಟಗಳು ಪುಸ್ತಕದೊಳಗೆ ಸೇರಿದ್ದು 1907ರ ಲೇನ್ ಆವೃತ್ತಿಯಲ್ಲಿ. ಆಗ ಬಿಯರ್ಡ್ಸ್‌ಲಿಯೂ ಇಲ್ಲ, ವೈಲ್ಡ್‌ನೂ ಇಲ್ಲ. ಯೋಹಾನ-ಸಲೋಮೆ ಎದುರುಬದುರಾದ ಪುಟ ಇದ್ದರೆ ಅದು 1894ರ ಪ್ರತಿಯಲ್ಲ ಎಂದು ತಿಳಿಯಬಹುದು. ಆಮೇಲಿನ ಮರುಮುದ್ರಣಗಳಿಗೆ ಲೆಕ್ಕವಿಲ್ಲ, 1966ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಪ್ರದರ್ಶನದ ನಂತರವಂತೂ ಗೋಡೆಗೆ ಅಂಟಿಸುವ ಪೋಸ್ಟರುಗಳಾಗಿಯೂ ಬಂದವು.

ಅಚ್ಚಿನ ಜಾತಿ ತಿಳಿಯಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಹಳೆಯ ಲೈನ್ ಬ್ಲಾಕಿನಲ್ಲಿ ಗೆರೆಯ ಎರಡೂ ಅಂಚಿನಲ್ಲಿ ಮಸಿ ಹಿಂಡಿ ಹೊರಬಂದ, ಸ್ವಲ್ಪ ಗಾಢವಾದ ಸಣ್ಣ ದಂಡೆ ಕಾಣುತ್ತದೆ. ಹಾಳೆಯ ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿದರೆ ತೆಳುಗೆರೆ ಒತ್ತಿದ ಉಬ್ಬು ಬೆರಳಿಗೂ ಸಿಗಬಹುದು. ಆಫ್‌ಸೆಟ್ ಮರುಮುದ್ರಣದಲ್ಲಿ ಈ ದಂಡೆ ಇರುವುದಿಲ್ಲ, ಹಿಂಬದಿ ಚಪ್ಪಟೆ. ಗೆರೆಯೊಳಗೆ ಜಾಲರಿಯ ಚುಕ್ಕೆ ಕಂಡರೆ ಅದು ಪುಸ್ತಕದ ಪುಟದಿಂದಲೇ ಹಾಫ್‌ಟೋನ್ ತೆಗೆದ ನಕಲು, ಅದನ್ನು ನೋಡಿ ಬಿಯರ್ಡ್ಸ್‌ಲಿಯ ಗೆರೆಯ ಬಗ್ಗೆ ಏನನ್ನೂ ತೀರ್ಮಾನಿಸಬಾರದು. ಪರೀಕ್ಷೆಗೆ ಒಳ್ಳೆಯ ಜಾಗ ‘ನವಿಲು ಲಂಗ’ದ ತರುಣನ ಮಂಡಿ. ಅಲ್ಲಿನ ಗೀಟುಗಳು ಒಂದೊಂದಾಗಿ, ತುದಿ ಮೊನಚಾಗಿ ನಿಂತಿದ್ದರೆ ಬ್ಲಾಕ್ ಆರೋಗ್ಯವಾಗಿದೆ. ಒಂದಕ್ಕೊಂದು ಅಂಟಿ ಕಲೆಯಾಗಿದ್ದರೆ ಸವೆದ ಬ್ಲಾಕು, ಇಲ್ಲವೇ ಮಿತಿಮೀರಿದ ಮಸಿ.